ಅಪ್ಪ ಪಕ್ಕದಲ್ಲಿದ್ದಾಗ ತೆಗೆದ ಲಾಗ್

ಮೂರನೇ ಸಲವೂ ಅದೇ ಕಥೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಗೆರೆಗಳೂ ಸಾಧು ಹಸುವಿನ ಹಾಗೆ ಮಲಗಿದ್ದವು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಯಶವಂತ್ ಟರ್ಬೊ ಕಾರಿಗೆ ಯಾರ ಕೈಲೋ ಸ್ಟೇಜ್ ಒನ್ ಟ್ಯೂನ್ ಹಾಕಿಸಿಕೊಂಡಿದ್ದ. ಕಾರಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ಎಂಜಿನ್ನಿನ ಶಕ್ತಿ ಏರಿಸುವುದು, ಅಷ್ಟೇ. ಹಾಕಿದವನು ಫುಲ್ ಸೇಫ್ ಅಂದಿದ್ದನಂತೆ. ಹಾಗನ್ನದವನನ್ನು ನಾನಿನ್ನೂ ಕಂಡಿಲ್ಲ. ಅದು ನಿಜವೋ ಬುರುಡೆಯೋ ಕಾರು ಓಡುವಾಗ ಲಾಗ್ ತೆಗೆದು, ಅಂದರೆ ಎಂಜಿನ್ನಿನೊಳಗೆ ಆಗುವುದನ್ನು ಲ್ಯಾಪ್‌ಟಾಪಿನಲ್ಲಿ ಗೆರೆಗಳಾಗಿ ದಾಖಲಿಸಿ, ಹೇಳುವುದು ನನ್ನ ಕೆಲಸ. ಭಾನುವಾರ ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ಅವನು ಘಾಟಿ ಹತ್ತುವವನಿದ್ದ. ವನಿತಮ್ಮ, ಅಂದರೆ ನಾನು, ಸರಿ ಅಂದರೆ ಟ್ಯೂನ್ ಇರಲಿ, ಇಲ್ಲವಾದರೆ ಇವತ್ತೇ ತೆಗೆಸು ಎಂದು ಅವನಪ್ಪ ಚಿಕ್ಕಬೈರಪ್ಪ ಕಡ್ಡಿ ಮುರಿದಂತೆ ಹೇಳಿದ್ದರು.

ಹೇಳಿ ಸುಮ್ಮನಿರದೆ ತಾವೂ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು. ಕಾರು ಅವರದು. ಹುಣಸಮಾರನಹಳ್ಳಿಯಲ್ಲಿ ಅವರ ರಾಗಿ ಹೊಲವೇ ಈಗ ಲೇಔಟು, ಆ ಖಾಲಿ ರಸ್ತೆಯೂ ಅವರದೇ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಿರಿ, ಒಳಗೆ ಪೆಟ್ರೋಲು ಅಡ್ಡಾದಿಡ್ಡಿ ಸಿಡಿಯುತ್ತದೆಯೇ ಅನ್ನುವುದು ಆಗಲೇ ಗೊತ್ತಾಗುವುದು ಎಂದು ಹಿಂದಿನ ಸೀಟಿನಿಂದ ಬಾಯಿ ನೋಯುವಷ್ಟು ಹೇಳಿದೆ. ಓಡಿಸುತ್ತಿದ್ದ ಯಶವಂತ್ ತಲೆಯಾಡಿಸುತ್ತಿದ್ದ, ಅರ್ಧ ಒತ್ತುತ್ತಿದ್ದ. ಅಪ್ಪನೆದುರು ಕಾಲಮೇಲೆ ಕಾಲು ಹಾಕಿ ಕೂರದವನು ಪಕ್ಕದಲ್ಲಿ ಅವರಿರುವಾಗ ಪೆಡಲು ಒತ್ತುತ್ತಾನೆಯೇ? ಇದು ನನಗಾದರೂ ಮೊದಲೇ ಹೊಳೆಯಬಾರದಿತ್ತೇ!

ಚಿಕ್ಕಬೈರಪ್ಪನವರನ್ನು ಇಳಿಯಲು ಕೇಳಿಕೊಂಡೆ. ನನ್ನ ರಸ್ತೆಯಲ್ಲಿ ನನ್ನನ್ನೇ ಇಳಿಸುತ್ತೀಯಲ್ಲಮ್ಮ ಎಂದು ಗೊಣಗುತ್ತಾ ಇಳಿದು ಒಂದು ಸೈಟಿನ ಕಲ್ಲಿನ ಪಕ್ಕ ನಿಂತರು.

ಈಗ ಕಾರು ಹಾರಿತು. ನನ್ನ ಬೆನ್ನು ಸೀಟಿಗೆ ಅಂಟಿತು. ನಾಲ್ಕೂ ಸಿಲಿಂಡರಿನ ಗೆರೆಗಳು ಒಟ್ಟಿಗೇ ಎಗರಿದವು, ಒಳಗೆ ಪೆಟ್ರೋಲು ಅಡ್ಡಾದಿಡ್ಡಿ ಸಿಡಿಯುತ್ತಿತ್ತು. ಕಾರಿನ ಕಂಪ್ಯೂಟರು ಎಂಜಿನ್ನನ್ನು ಕಾಪಾಡಲು ಒದ್ದಾಡುತ್ತಿತ್ತು. ನಿಲ್ಲಿಸಿ ಎಂದು ಕೂಗಿದೆ.

ವಾಪಸ್ ಬಂದು ಚಿಕ್ಕಬೈರಪ್ಪನವರಿಗೆ ಇದ್ದದ್ದು ಇದ್ದಂತೆ ಹೇಳಿದೆ: ಬಿಸಿಲಲ್ಲಿ, ತುಂಬಿದ ಕಾರನ್ನು ಹೀಗೇ ಘಾಟಿ ಹತ್ತಿಸಿದರೆ ಎಂಜಿನ್ ಅರ್ಧ ದಾರಿಯಲ್ಲೇ ಒಡೆಯಬಹುದು. ಯಶವಂತ್ ಬಿಡಲಿಲ್ಲ. ಮೂರು ಲಾಗ್ ಚೆನ್ನಾಗಿ ಬಂದಿವೆಯಲ್ಲ ಮೇಡಂ, ಅವನ್ನೇ ನೋಡಿ ಅಂದ. ನನಗೆ ಮೈಯೆಲ್ಲ ಉರಿಯಿತು.

"ಆಗ ನಿಮ್ಮಪ್ಪ ಪಕ್ಕದಲ್ಲಿದ್ರು ಕಣ್ರೀ. ನೀವು ಪೆಡಲ್ಲೇ ಒತ್ತಿಲ್ಲ."

ಚಿಕ್ಕಬೈರಪ್ಪ ನನ್ನನ್ನೂ ಲ್ಯಾಪ್‌ಟಾಪನ್ನೂ ಬಿಟ್ಟು ಮಗನ ಕಡೆ ತಿರುಗಿದರು.

"ಅಂಗಾದ್ರೆ ಸೊಸೆ, ಮಗು ಕೂತಿರೋವಾಗ ಎಂಗ್ ಓಡಿಸ್ತೀಯೋ?"

ಯಶವಂತ್ ಸುಳ್ಳು ಹೇಳುತ್ತಾನೆ ಅಂದುಕೊಂಡೆ. ಅಪ್ಪನೆದುರು ಅದೂ ಅವನ ಕೈಲಾಗಲಿಲ್ಲ.

"ಈಗ ಓಡಿಸ್ದಂಗೇ ಅಪ್ಪಾ."

ಮುದುಕ ಬೈಯಲಿಲ್ಲ. ಕೀ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಹಳೇ ಪ್ರೋಗ್ರಾಂ ಹಾಕಮ್ಮ, ಆದರೂ ಭಾನುವಾರ ಇವರು ಬಸ್ಸಿನಲ್ಲೇ ಹೋಗಲಿ ಅಂದರು.