ಬಾನೆಟ್ ಎತ್ತಿದಾಗ ಇಳಿದವಳು

ಹೊಸಿಯತ್ ಮುದುಕಿಯ ನಾಲಿಗೆ ಕುವಾ ಊರಿಗೆಲ್ಲ ಹೆಸರುವಾಸಿ. ಅವಳು ಬೀದಿ ಬಾಗಿಲಲ್ಲಿ ಗುಟ್ಟು ಹೇಳಿದರೆ ತಾಷ್ಕೆಂಟಿನ ಕಾಗೆಗಳೂ ಕತ್ತು ತಿರುಗಿಸುತ್ತಿದ್ದವಂತೆ. ಅಂಥ ನಾಲಿಗೆಯನ್ನು ಆವತ್ತು ಒಂದು ಹೊತ್ತು ಕಟ್ಟಿಹಾಕಬೇಕಿತ್ತು.

"ಅವ್ವ, ಗ್ಯಾಸ್ ಅನ್ನೋ ಮಾತು ಬಾಯಿಂದ ಬರಬಾರ್ದು. ದುವಾ ಮಾಡು, ಸಾಕು," ಎಂದ ಮಗ ಎರ್ಗಶ್.

"ಹೊಲಿಗೆ ಹಾಕ್ಬಿಡಪ್ಪ ಬಾಯಿಗೆ. ಸೂಜಿ ನನ್ ಹತ್ರಾನೇ ಇದೆ."

ಎರ್ಗಶನ ಬಿಳಿ ಕಾರು ಪಕ್ಕದ ಮನೆಯವನ ವ್ಯಾನಿಗೆ ಹಗ್ಗ ಕಟ್ಟಿಸಿಕೊಂಡು, ಸಂತೆಗೆ ಹೊರಟ ಮುದಿ ಹಸುವಿನ ಹಾಗೆ ಕಂಪನಿಯ ರಿಪೇರಿ ಶೆಡ್ಡಿಗೆ ಹೋಗುತ್ತಿತ್ತು. ಕೊಂಡು ವರ್ಷ ತುಂಬಿರಲಿಲ್ಲ. ತಾಷ್ಕೆಂಟಿಗೆ ಜನರನ್ನು ಕೂರಿಸಿಕೊಂಡು ಹೋಗುವಾಗ ಕಮ್ಚಿಕ್ ಘಾಟಿಯ ನೆತ್ತಿಯ ಮೇಲೆ ಇಂಜಿನ್ ಕಚ್ಚಿಕೊಂಡು ಸತ್ತಿತ್ತು. ಗ್ಯಾರಂಟಿಯಲ್ಲಿ ಹೊಸ ಇಂಜಿನ್ ಸಿಕ್ಕರೆ ಟ್ಯಾಕ್ಸಿ ಓಡುತ್ತದೆ. ಸಿಗದಿದ್ದರೆ ಎರ್ಗಶ್ ಇಟ್ಟಿಗೆ ಹೊರಲು ರಷ್ಯಾಕ್ಕೆ ಹೋಗಬೇಕು. ಅವನಪ್ಪ ಹಾಗೇ ಹೋಗಿ ಪೆಟ್ಟಿಗೆಯಲ್ಲಿ ಬಂದಿದ್ದ. ಮಗನಾದರೂ ಊರಲ್ಲಿರಲಿ ಎಂದು ಹೊಸಿಯತ್ ತನ್ನ ಹೆಣಕ್ಕೆ ಎತ್ತಿಟ್ಟ ಬಟ್ಟೆಯೊಂದು ಬಿಟ್ಟು ಉಳಿದದ್ದೆಲ್ಲ ಮಾರಿ ಈ ಕಾರು ಕೊಡಿಸಿದ್ದಳು.

ತೊಡಕೆಲ್ಲ ಗ್ಯಾಸಿನದು. ಆ ಕಡೆ ಹೊಸ ಕಾರು ಮೊದಲು ಮನೆಗೆ ಬರುವುದಿಲ್ಲ, ಗ್ಯಾಸ್ ಕೂರಿಸುವವನ ಅಂಗಳಕ್ಕೆ ಹೋಗುತ್ತದೆ. ಪೆಟ್ರೋಲಿನಲ್ಲಿ ಟ್ಯಾಕ್ಸಿ ಓಡಿಸುವುದೂ ಒಂದೇ, ರೇಷ್ಮೆ ಉರಿಸಿ ಪಲಾವ್ ಬೇಯಿಸುವುದೂ ಒಂದೇ. ಹೊಸಿಯತಳ ಅಕ್ಕನ ಮಗ ಮುಕಿಮ್ ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿ ಇಂಜಿನ್ನಿಗೆ ಪೈಪು ಎಳೆದಿದ್ದ. ಹೊರಗಿನವರು ಇಂಜಿನ್ ಮುಟ್ಟಿದರೆ ಅದಕ್ಕೆ ಗ್ಯಾರಂಟಿ ಇಲ್ಲ ಎನ್ನುವುದು ಕಂಪನಿಯ ಕರಾರು. ಹಾಗಾಗಿ ಈಗ ಮುಕಿಮನೇ ಎಲ್ಲ ಬಿಚ್ಚಿ, ತೂತಿಗೆ ಮೇಣ ತುಂಬಿ, ಮೇಲೆ ಕಾರ್ಪೆಟ್ ಹಾಸಿ, ಮೂರು ಹೆತ್ತವಳನ್ನು ಮದುವಣಗಿತ್ತಿ ಮಾಡಿದಂತೆ ಸಿಂಗರಿಸಿ ಕಳಿಸಿದ್ದ. ಜೊತೆಗೆ ಬಿಳಿ ಶಾಲಿನ ಮುದುಕಿಯೊಬ್ಬಳಿರಲಿ, ದುವಾ ಮಾಡುವವಳ ಮುಂದೆ ಯಾವ ಅಧಿಕಾರಿಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಎಂದು ಅವನೇ ಹೇಳಿಕೊಟ್ಟಿದ್ದ.

ಶೆಡ್ಡಿನಲ್ಲಿ ಕಾರು ನೋಡಲು ಬಂದವನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಹೊಸಿಯತ್ ಕಾರಿನಲ್ಲಿ ಕೂತಲ್ಲಿಂದಲೇ ಕೈಯೆತ್ತಿ ಅವನ ಏಳು ತಲೆಮಾರಿಗೆ ಸಾಕಾಗುವಷ್ಟು ದುವಾ ಸುರಿದಳು. ಅವನು ಮೆತ್ತಗಾದ. ಇಂಜಿನ್ ಸತ್ತ ಬಗೆಯನ್ನು ಕೇಳಿ, ಆಯಿಲ್ ಪಂಪಿನ ದೋಷ ಇರಬೇಕು, ಇಂಥವು ಬಂದಿವೆ, ಹೊಸ ಇಂಜಿನ್ ಕೊಡುತ್ತಾರೆ ಎಂದ. ಗ್ಯಾಸ್ ಹಾಕಿಸಿಲ್ಲವಲ್ಲ ಎಂದು ಕೇಳಿದ್ದಕ್ಕೆ ಎರ್ಗಶ್ ಇಲ್ಲವೆಂದ. ಮುದುಕಿ ತುಟಿ ಪಿಟಕ್ಕೆನ್ನಲಿಲ್ಲ.

"ಬಾನೆಟ್ ಎತ್ತಿ," ಎಂದ ಅವನು.

ಬಾನೆಟ್ ಟಕ್ಕೆಂದಿತು. ಹೊಸಿಯತಳ ಕೈ ಬಾಗಿಲು ತೆರೆಯಿತು, ಕಾಲು ಕೆಳಗಿಳಿಯಿತು. ಚೀಲ ಬಗಲಿಗಿಟ್ಟುಕೊಂಡು ಅವಳು ಸರಸರ ನಡೆದು, ಅಂಗಳದ ಆ ತುದಿಯ ಗೋಡೆಗೆ ಒರಗಿ ನಿಂತಳು.

ಗ್ಯಾಸ್ ಬಂಕಿನಲ್ಲಿ ಅದೇ ಪದ್ಧತಿ. ಗ್ಯಾಸ್ ತುಂಬಲು ಬಾನೆಟ್ ಎತ್ತಿದರೆ ಕೂತವರೆಲ್ಲ ಇಳಿದು ದೂರದ ಗೋಡೆಯ ಹತ್ತಿರ ಹೋಗಬೇಕು. ಸಿಲಿಂಡರ್ ಸಿಡಿದರೆ ಕಾರು ಹೋಗಲಿ, ಜನ ಉಳಿಯಲಿ ಎಂದು. ಬೆನ್ನಿಗೆ ಗೋಡೆ ತಗುಲಿದ ಮೇಲೇ ಅವಳಿಗೆ ತಾನೇನು ಮಾಡಿದೆನೆಂದು ತಿಳಿದದ್ದು. ನಾಲಿಗೆ ಕಟ್ಟಿದ್ದರು ಸರಿ, ಕಾಲಿಗೆ ಹೇಳುವುದು ಯಾರಿಗೂ ನೆನಪಾಗಿರಲಿಲ್ಲ.

"ಅಜ್ಜಿ, ಅಷ್ಟು ದೂರ ಯಾಕೆ ಹೋದ್ರಿ?"

"ಬಿಸಿಲಪ್ಪ. ನೆರಳಿಗೆ ಬಂದೆ."

ಆ ಗೋಡೆಯ ಮೇಲೆ ರೊಟ್ಟಿ ಸುಡುವಷ್ಟು ಬಿಸಿಲಿತ್ತು.

"ನಮ್ಮಮ್ಮನೂ ಹಿಂಗೇ. ಬಾನೆಟ್ ಎತ್ತಿದ್ರೆ ಸಾಕು, ಗೋಡೆ ಹುಡುಕ್ತಾಳೆ," ಎಂದ ಅವನು. ನಗಲಿಲ್ಲ. ಹಿಂದಕ್ಕೆ ಹೋಗಿ ಡಿಕ್ಕಿಯ ಕಾರ್ಪೆಟ್ ಎತ್ತಿದ. ಬೋಲ್ಟಿನ ತೂತುಗಳು ಮೇಣ ಮೆತ್ತಿಕೊಂಡು ಸಾಲಾಗಿ ಕೂತಿದ್ದವು.

ಹೊಸಿಯತ್ ಓಡಿಬಂದು ಅವನ ತೋಳು ಹಿಡಿದಳು. ತಪ್ಪೆಲ್ಲ ತನ್ನದು, ಮಗನಿಗೆ ಏನೂ ಗೊತ್ತಿಲ್ಲ, ಸಿಲಿಂಡರ್ ತಾನೇ ಹೊತ್ತು ತಂದು ಕೂರಿಸಿದ್ದು ಎಂದಳು. ಅವನೋ, ಪಂಪೇ ಕೆಟ್ಟಿದ್ದರೂ ಇನ್ನು ತಾನು ಹಾಗೆ ಬರೆಯುವಂತಿಲ್ಲ, ಇಂಜಿನ್ ಯಾರು ಯಾರು ಮುಟ್ಟಿದರೋ ಎಂದು ಮೇಲಿನವರು ಕೇಳುತ್ತಾರೆ ಎಂದ.

"ಬಾಗಿಲಿಗೆ, ಸೀಟಿಗೆ, ಹಾರನ್ನಿಗೆ ಗ್ಯಾರಂಟಿ ಇದೆ ಅಜ್ಜಿ. ಇಂಜಿನ್ನಿಗೆ ಇಲ್ಲ."

ಮತ್ತೆ ಹಗ್ಗ ಕಟ್ಟಿದರು. ಎರ್ಗಶ್ ಸ್ಟಿಯರಿಂಗ್ ಹಿಡಿದು ಕೂತ. ಪಕ್ಕದಲ್ಲಿ ಅವ್ವ.

"ಬೈಯ್ಯೋ," ಎಂದಳು ಅವಳು. "ಮುದಿ ಕತ್ತೆ ಅನ್ನು. ಏನಾದ್ರೂ ಅನ್ನು."

ಹತ್ತಿ ಹೊಲಗಳು ಒಂದೊಂದಾಗಿ ಹಿಂದಕ್ಕೆ ಹೋದವು.

"ಅಪ್ಪಂದು ದಪ್ಪ ಕೋಟು ಇತ್ತಲ್ಲ ಅವ್ವ, ಎಲ್ಲಿಟ್ಟಿದ್ದೀಯ?"

ಕೋಟು ಅವಳ ಹಾಸಿಗೆಯ ಕೆಳಗೇ ಇತ್ತು.

"ಇಲಿ ತಿಂದ್ವು," ಎಂದಳು ಹೊಸಿಯತ್. "ಗುಂಡಿ ಸಮೇತ ತಿಂದ್ವು."

"ಹೋಗ್ಲಿ ಬಿಡು. ರಷ್ಯಾದಲ್ಲೇ ಒಂದು ತಗೋತೀನಿ."