ಪರದೆಯ ಕೆಳಗೆ ಕಂಡಷ್ಟು

ಪರದೆಯ ಅಂಚಿಗೂ ನೆಲಕ್ಕೂ ನಡುವೆ ಗೇಣಿನಷ್ಟು ಬೆಳಕು, ಆ ಬೆಳಕಿನಲ್ಲಿ ಅವನ ಪಾದಗಳು — ದತ್ತಾತ್ರೇಯನವೇ, ಹೆಬ್ಬೆರಳಿನ ಉಗುರು ಇನ್ನೂ ಕಪ್ಪಾಗಿಯೇ ಇದೆ, ಸುಲಭಾ ಉಸಿರು ಹಿಡಿದು ಕೂತಳು, ಗಂಡ ಬರುವುದರೊಳಗೆ ಹಿತ್ತಲ ಬಾಗಿಲಿನಿಂದ ಹೋಗಿಬಿಡಬೇಕಿತ್ತು, ಪ್ರತಿ ಸಲ ಹೋಗುತ್ತಿದ್ದಳು, ಇವತ್ತು ಅವನು ಬರುವ ಆಳಂದದ ಬಸ್ಸು ಬೇಗ ಬಂತೋ, ಮಗಳು ಮಂದಾ ಸೆರಗು ಬಿಡಲಿಲ್ಲವೋ, ಉಳಿದುಬಿಟ್ಟಳು. ಅವಳಿರುವ ಓಣಿಗೆ ಅವನು ಕಾಲಿಡಕೂಡದು, ಎದುರಿಗೆ ಬರಕೂಡದು, ತಿಂಗಳಿಗೊಂದು ಆದಿತ್ಯವಾರ ಮಗಳನ್ನು ಅಫಜಲಪುರದಲ್ಲಿ ಇಬ್ಬರಿಗೂ ಬೇಕಾದ ಚಮನಬಿಯ ಮನೆಯಲ್ಲೇ ನೋಡತಕ್ಕದ್ದು, ತಾಯಿ ಒಪ್ಪದೆ ಹೊರಗೆ ಒಯ್ಯಕೂಡದು — ಕೋರ್ಟಿನ ಮಾತು ಅವಳಿಗೆ ಬಾಯಿಪಾಠ, ಚಿಕ್ಕಂದಿನಲ್ಲಿ ಕೇಳಿ ಕಲಿತ ಸಂಜೆಯ ಸ್ತೋತ್ರದ ಹಾಗೆ, ಹೆದರಿಕೆಯಾದಾಗ ತುಟಿ ತಾನೇ ಆಡುತ್ತದೆ. ಹೆದರಬ್ಯಾಡ ಬೇಟಿ, ಚಮನಬಿ ಮೊದಲ ದಿನವೇ ಅಂದಿದ್ದಳು, ನಮ್ಮನಿ ಪರದೆ ಪರಗಂಡಸು ದಾಟೂದಿಲ್ಲ, ನಮ್ಮ ಬೀಗರೇ ದಾಟಿಲ್ಲ. ಆ ಪಾದಗಳು, ಹರಕೆ ಹೊತ್ತು ಗಾಣಗಾಪುರಕ್ಕೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದಾಗ ಅವಳೇ ಎಣ್ಣೆ ಹಚ್ಚಿದ್ದಳು, ಅದೇ ಪಾದ ಅವಳ ಪಕ್ಕೆಲುಬಿಗೆ — ಬೇಡ, ಈಗ ಅದು ಬೇಡ, ಪುಟ್ಟ ಪಾದಗಳು ಬಂದವು, ಗೆಜ್ಜೆ ಕಟ್ಟಿಕೊಂಡವು, ಮುಂಜಾನೆ ಎಡ ಅಂಗಾಲಿಗೆ ಕಾಡಿಗೆಯ ಬೊಟ್ಟಿಟ್ಟು ಕರೆತಂದದ್ದು, ಮಂದಾ ಅವನ ಪಾದದ ಮೇಲೆ ಹತ್ತಿ ನಿಂತಳು, ದೊಡ್ಡವು ಮೆಲ್ಲಗೆ ನಡೆದವು, ಪುಟ್ಟವು ನಿಂತಲ್ಲೇ ನಡೆದವು, ಅಪ್ಪಾ ಇನ್ನೊಂದು ಸುತ್ತು, ಆನಿಗೆ ದಣಿವಾಗೇದವ್ವಾ, ಸುಳ್ಳು ಆನಿ ನೀ, ಸೊಂಡೀನೇ ಇಲ್ಲ — ಸುಲಭಾಳಿಗೆ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡಳು. ಖಾಲಾ, ಬಸ್‌ಸ್ಟ್ಯಾಂಡ್ ತನಕ ಕರಕೊಂಡು ಹೋಗಿ ಬರ್ಲೇನ್ರಿ, ಭಜಿ ತಿನಸ್ತೇನಿ, ಚಮನಬಿಯನ್ನು ಕೇಳುವ ಅವನ ದನಿ. ಬಸ್‌ಸ್ಟ್ಯಾಂಡು, ಅಲ್ಲಿ ಆಳಂದದ ಬಸ್ಸು ನಿಂತಿರುತ್ತದೆ, ಮಗಳನ್ನೆತ್ತಿಕೊಂಡು ಹತ್ತಿದರೆ ಮುಗಿಯಿತು, ಯಾವ ಕೋರ್ಟು ಬಸ್ಸಿನ ಹಿಂದೆ ಓಡುತ್ತದೆ. ಚಮನಬಿ ಪರದೆಯೊಳಗೆ ಮುಖ ಹಾಕಿ ಹುಬ್ಬು ಏರಿಸಿದಳು, ಏನಂತಿ, ಸುಲಭಾ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದಳು, ಅವನು ಕುಕ್ಕರಗಾಲಲ್ಲಿ ಕೂತು ಮಗಳ ಎಡಗಾಲು ಎತ್ತಿದ್ದ — ಬೊಟ್ಟು ಅಳಿಸೇದಲ್ಲವ್ವಾ, ನಿಮ್ಮವ್ವ ಬರೀ ಅಂಗಾಲೀಲೆ ಹೊರಗ ಬಿಡೂದಿಲ್ಲ, ಖಾಲಾ, ಒಂದೀಟು ಕಾಡಿಗಿ ಇದ್ರ ಕೊಡ್ರಿ. ಅದೇ ಬೊಟ್ಟಿಗೆ ಅವಳನ್ನು ಹುಚ್ಚಿ ಅನ್ನುತ್ತಿದ್ದವನು, ಒಮ್ಮೆ ಉಗುಳು ಹಚ್ಚಿ ಒರೆಸಿದವನು. ಅವಳ ಕೈ ತಾನೇ ಸೊಂಟದ ಸಂಚಿಗೆ ಹೋಯಿತು, ತವರಿನ ಹಿತ್ತಾಳೆ ಡಬ್ಬಿ, ಅವನು ಗೋಡೆಗೆ ಎಸೆದಾಗ ಮುಚ್ಚಳ ನೆಗ್ಗಿದ್ದು, ಪರದೆಯ ಕೆಳಗೆ ತಳ್ಳಿದಳು, ಡಬ್ಬಿ ಜಾರಿ ಅವನ ಮುಂದೆ ನಿಂತಿತು. ನೆಗ್ಗಿದ ಮುಚ್ಚಳ ಅವನು ಮರೆತಿರಲಿಕ್ಕಿಲ್ಲ, ಪರದೆಯ ಹಿಂದೆ ಯಾರೆಂದು ತಿಳಿದಿರಬೇಕು. ಪಾದಗಳು ಎದ್ದವು, ಈಗ ಪರದೆಯ ಕಡೆ ಬಂದರೆ — ಒಂದು ಹೆಜ್ಜೆ ಹಿಂದೆ, ಮತ್ತೂ ಹಿಂದೆ, ಎದುರುಗೋಡೆ ತಾಗುವ ತನಕ ಹಿಂದೆ. ಡಬ್ಬಿ ತಗೊಂಡು ಇಲ್ಲೇ ಬಾರವ್ವಾ, ದನಿ ಇಳಿದಿತ್ತು, ಅಲ್ಲೇ ಕೂತ, ಪುಟ್ಟ ಕಾಲು ಅವನ ತೊಡೆಯ ಮೇಲೆ, ಬೊಟ್ಟು ದುಂಡಗೆ ಬರಲಿಲ್ಲ. ಹೂಂ ಅನ್ರಿ ಖಾಲಾ, ಸುಲಭಾ ಪಿಸುಗುಟ್ಟಿದಳು. ಚಮನಬಿ ಬುರ್ಖಾ ಎಳೆದುಕೊಂಡಳು, ನಡೀ ಬೇಟಾ, ನನಗೂ ಭಜಿ ತಿನಸು, ನಾ ಬರದ ಹ್ಯಾಂಗ ಬಿಡ್ಲಿ, ಮೂವರ ಪಾದಗಳು ಬಾಗಿಲಿನತ್ತ, ಮಂದಾಳದು ಹೊಸ್ತಿಲು ದಾಟಲು ಎತ್ತಿದ ಎಡಗಾಲು, ಅಂಗಾಲಿನಲ್ಲಿ ವಾರೆಯಾದ ಕರಿ ಬೊಟ್ಟು, ಇನ್ನೂ ಹಸಿ, ಕರಿ ಬೊಟ್ಟು —