ಬಿಂಬಲಕಾಯಿಯ ಹೊಳಪು

ನನ್ನ ಅಣ್ಣ ಶ್ರೀಕೃಷ್ಣ ಹೆಗಡೆ ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿ ನಿವೃತ್ತನಾದವನು. ಅಷ್ಟು ವರ್ಷ ಕಾಡು ಕಾಯ್ದು ಅವನು ಗಳಿಸಿದ್ದು ಕುಮಟಾದಲ್ಲಿ ಒಂದು ಬಾಡಿಗೆ ಮನೆ, ಸಣ್ಣ ಪಿಂಚಣಿ, ಒಂದು ಪಿಸ್ತೂಲು. ಲಂಚ ತಿನ್ನದ ರೇಂಜರನನ್ನು ಊರವರು ಬಾಯಿತುಂಬ ಹೊಗಳುತ್ತಾರೆ. ಅವನ ಮನೆಗೆ ಕಷ್ಟ ಬಂದಾಗ ಮಾತ್ರ ಎಲ್ಲರಿಗೂ ಬೇರೆ ಕೆಲಸ ಇರುತ್ತದೆ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಕಷ್ಟ ಬಂದದ್ದು ಅವನ ಒಬ್ಬಳೇ ಮಗಳು ಮಹಾಲಕ್ಷ್ಮಿಗೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿಬಿಟ್ಟಿತ್ತು. ಹತ್ತೊಂಬತ್ತರ ಹುಡುಗಿ ಬಾವಿಯಿಂದ ಒಂದು ಕೊಡ ನೀರು ತಂದರೆ ಜಗಲಿಯಲ್ಲಿ ಕೂತು ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಮುಂಬಯಿಯ ಆಸ್ಪತ್ರೆಯವರು ದೀಪಾವಳಿ ಕಳೆದ ಮೇಲೆ ಆಪರೇಶನ್ನಿಗೆ ದಿನ ಕೊಟ್ಟಿದ್ದರು. ಇನ್ನು ತಡಮಾಡಿದರೆ ಮಾಡಿ ಪ್ರಯೋಜನವಿಲ್ಲ ಎಂದೂ ಹೇಳಿದ್ದರು. ಮಾರಲು ಅಣ್ಣನ ಹತ್ತಿರ ಇದ್ದದ್ದು ಆ ಪಿಸ್ತೂಲು ಒಂದೇ.

ಅದು ಬೆಲ್ಜಿಯಂನಲ್ಲಿ ತಯಾರಾದದ್ದು. ಒಂದು ಗುಂಡು ಹಾರಿಸಿದರೆ ಮುಂದಿನದು ತಾನಾಗಿ ಬಂದು ಕೂರುವಂಥದ್ದು. ದೇಶ ಬಿಟ್ಟು ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬ ಅಣ್ಣನ ಕೆಲಸ ಮೆಚ್ಚಿ ಕಾಗದಪತ್ರ ಸಮೇತ ಕೊಟ್ಟು ಹೋಗಿದ್ದ. ಅಣ್ಣ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಎಣ್ಣೆ ಹಾಕಿ ಒರೆಸಿ, ಚರ್ಮದ ಚೀಲಕ್ಕೆ ಹಾಕಿ ಕಪಾಟಿನಲ್ಲಿಡುತ್ತಿದ್ದ. ಆಯುಧಪೂಜೆಯಲ್ಲಿ ಸಹ ಗಂಧದ ಬೊಟ್ಟು ಚೀಲಕ್ಕೇ ಹೊರತು ಪಿಸ್ತೂಲಿಗಲ್ಲ.

ಕೊಳ್ಳಲು ಬಂದವರು ಭಟ್ಕಳದ ಜವಳಿ ವ್ಯಾಪಾರಿ ಅಬ್ದುಲ್ ಗನಿ ಸಾಹೇಬರು. ಅವರಿಗೆ ಹಳೇ ಬಂದೂಕುಗಳ ಹುಚ್ಚು, ಲೈಸೆನ್ಸೂ ಇತ್ತು. ಅವರು ಹೇಳಿದ ಬೆಲೆಯ ಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ ಎಂದು ಭಟ್ಕಳದಿಂದ ಹೊನ್ನಾವರದವರೆಗೂ ಮಾತಿತ್ತು. ಪಿಸ್ತೂಲನ್ನು ಅವರು ಅಂಗಳದ ಬಿಸಿಲಿಗೆ ಒಯ್ದರು. ನಳಿಗೆಯ ಬಾಯಿಗೆ ಬಿಳಿ ಕಾಗದ ಹಿಡಿದು ಒಳಗೆ ನೋಡಿದರು. ಆಮೇಲೆ ಮೇಲ್ಮೈಯನ್ನು ಓರೆಯಾಗಿ ತಿರುಗಿಸುತ್ತ ಬಹಳ ಹೊತ್ತು ಪರೀಕ್ಷಿಸಿದರು. ಕಪ್ಪು ಎಂದು ನಾನು ಅಂದುಕೊಂಡಿದ್ದ ಉಕ್ಕು ಬಿಸಿಲಿನಲ್ಲಿ ನೀಲಿಯಾಗಿ ಕಂಡಿತು.

"ಗುಂಡು ಹಾರೂ ಪಿಸ್ತೂಲು ಬೇಕಾದಷ್ಟು ಸಿಗ್ತದೆ ರೇಂಜರ್ರೆ" ಎಂದರು ಸಾಹೇಬರು. "ಇಷ್ಟು ವರ್ಷ ಆದ್ರೂ ಕಂಪನಿ ಹಾಕಿದ ಬಣ್ಣ ಹಾಗೇ ಇರೂದು ಸಿಗೂದಿಲ್ಲ. ನಾನು ದುಡ್ಡು ಕೊಡೂದು ಈ ಬಣ್ಣಕ್ಕೆ. ಹದಿನೈದು ಸಾವಿರ."

ಅಣ್ಣನ ಕಣ್ಣಲ್ಲಿ ನೀರು ಬಂತು. ಹದಿನೈದು ಅಂದರೆ ಆಪರೇಶನ್ನಿಗೆ ಸರಿಯಾಗುತ್ತಿತ್ತು. ವ್ಯವಹಾರದ ಮಾತು ಹೆಂಗಸರ ಮುಂದೆ ಆಡುವುದು ನಮ್ಮ ಮನೆತನದಲ್ಲಿಲ್ಲ. ಹಾಗಾಗಿ ಪಿಸ್ತೂಲು ಹೋಗುತ್ತದೆ, ಹಣ ಬರುತ್ತದೆ ಎಂದಷ್ಟೇ ಒಳಗೆ ತಿಳಿಸಿದೆವು.

ಮಾರಾಟಕ್ಕೆ ಅನುಮತಿ ಪಡೆಯಲು ಅಣ್ಣ ಕಾರವಾರಕ್ಕೆ ಹೊರಟ. ಜೊತೆಗೆ ನಾನೂ ಹೋದೆ. ನವರಾತ್ರಿಯ ದಿನಗಳು. ಅವತ್ತು ಆಯುಧಪೂಜೆಯ ಹಿಂದಿನ ದಿನ, ಮನೆಯ ಕಬ್ಬಿಣವೆಲ್ಲ ಹಿತ್ತಲಿಗೆ ಬರುವ ದಿನ. ಕತ್ತಿ, ಕೊಡಲಿ, ಕಾಯಿ ತುರಿಯುವ ಮಣೆ, ಎಲ್ಲಕ್ಕೂ ಹಿತ್ತಲ ಮರದ ಹುಳಿಹುಳಿ ಬಿಂಬಲಕಾಯಿ ಜಜ್ಜಿ ಹಚ್ಚಿ, ಹುಳಿ ಹಿಡಿಯಲು ಬಿಟ್ಟು, ಬೂದಿ ಹಾಕಿ ತಿಕ್ಕುತ್ತಾರೆ. ಎಂಥ ಕಲೆಯೂ ನಿಲ್ಲುವುದಿಲ್ಲ.

ಸಂಜೆ ಅನುಮತಿ ಪತ್ರ ಹಿಡಿದು ಮನೆಗೆ ಬಂದರೆ, ದೇವರ ಮುಂದಿನ ಮಣೆಯ ಮೇಲೆ ಕತ್ತಿ ಕೊಡಲಿಗಳ ಸಾಲಿನಲ್ಲಿ ಪಿಸ್ತೂಲು ಕೂತಿತ್ತು. ಆ ನೀಲಿ ಪೂರಾ ಹೋಗಿ, ಹೊಸ ಚಮಚದ ಹಾಗೆ ಬೆಳ್ಳಗಿತ್ತು.

ಮಹಾಲಕ್ಷ್ಮಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಬೆರಳ ಸಂದಿಯಲ್ಲಿ ಬೂದಿ ಹಾಗೇ ಇತ್ತು.

"ಅಪ್ಪಯ್ಯಾ, ಎಷ್ಟು ಕರೀ ಹಿಡಿದಿತ್ತು ಗೊತ್ತಿದ್ದಾ? ಆನೇ ತಿಕ್ಕಿದ್ದು. ಈಗ ಇನ್ನೂ ಜಾಸ್ತಿ ಬೆಲೆ ಬತ್ತು, ಅಲ್ದಾ?"

ಅತ್ತಿಗೆ ವನಮಾಲಾ ಬಾಗಿಲಲ್ಲಿ ನಿಂತು, "ಸುಸ್ತಾಗ್ತು, ಬ್ಯಾಡ ಹೇಳಿ ಎಷ್ಟು ಹೇಳಿದ್ರೂ ಕೇಳಿದ್ದಿಲ್ಲೆ" ಎಂದಳು.

ಅಣ್ಣ ಪಿಸ್ತೂಲನ್ನು ಒಮ್ಮೆ ಎತ್ತಿ ನೋಡಿ ಮತ್ತೆ ಮಣೆಯ ಮೇಲಿಟ್ಟ. ಮಗಳ ಹತ್ತಿರ ಹೋಗಿ ತಲೆ ಸವರಿದ.

"ಚಲೊ ಆಯ್ದು ಕೂಸೆ. ರಾಶಿ ಚಲೊ ಆಯ್ದು."

ಮರುದಿನ ನಾನು ಸುಮ್ಮನಿರಲಿಲ್ಲ. ಸೈಕಲ್ ಅಂಗಡಿಯ ಜಟ್ಟನ ಹತ್ತಿರ ಕಪ್ಪು ಬಣ್ಣ ಹಾಕಿಸೋಣ, ಸಾಹೇಬರು ಅವಸರದಲ್ಲಿ ನೋಡಿದರೆ ಗೊತ್ತಾಗಲಿಕ್ಕಿಲ್ಲ ಎಂದೆ.

"ಅವರ ಕಣ್ಣಿಗೆ ಮಣ್ಣೆರಚದಾ ತಮ್ಮಾ?" ಎಂದ ಅಣ್ಣ.

"ಎರಚು" ಎಂದೆ. "ಇಲ್ದಿದ್ರೆ ಕೂಸು ಸಾಯ್ತು. ಮಣ್ಣಾದ್ರೂ ಎರಚು, ಕಾಲಾದ್ರೂ ಹಿಡಿ."

ಅವನು ಪಿಸ್ತೂಲನ್ನು ಹಾಗೇ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟ. ಅವನ ಪ್ರಾಮಾಣಿಕತೆಯ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಬಂದಿರಲಿಲ್ಲ.

ಸಾಹೇಬರು ಹೇಳಿದ ದಿನಕ್ಕೇ ಬಂದರು. ಅಣ್ಣ ಪಿಸ್ತೂಲನ್ನು ಅವರ ಮುಂದಿಟ್ಟ. ಅವರು ಕೈಗೆತ್ತಿಕೊಂಡು, ಒಂದು ಸಲ ನಮ್ಮಿಬ್ಬರ ಮುಖ ನೋಡಿ, "ತೋಬಾ" ಎಂದರು ಮೆಲ್ಲಗೆ. ಅಷ್ಟರಲ್ಲಿ ಮಹಾಲಕ್ಷ್ಮಿ ಚಾ ತಂದಳು. ಲೋಟವನ್ನು ಅವರ ಕೈಗೆ ಕೊಟ್ಟಳು.

"ಸಾಹೇಬ್ರೆ, ನಾನೇ ತಿಕ್ಕಿದ್ದು" ಎಂದಳು. "ಹೇಗಾಗಿದೆ?"

ಅಣ್ಣ ಅವಳ ಬೆನ್ನ ಹಿಂದೆ ನಿಂತು ಸಾಹೇಬರಿಗೆ ಎರಡೂ ಕೈ ಮುಗಿದ. ದೊಡ್ಡ ದೊಡ್ಡ ಕಂಟ್ರಾಕ್ಟರುಗಳ ಮುಂದೆ ಬಗ್ಗದ ಕೈಗಳು ಅವು. ನಾನು ಮುಖ ತಿರುಗಿಸಿದೆ.

ಸಾಹೇಬರು ಲೋಟ ಕೆಳಗಿಟ್ಟು, "ಚಂದ ಆಗಿದೆ ಬೇಟಿ" ಎಂದರು. "ನಿನ್ನ ಕೈಗುಣ. ಬೆಲೆ ಏರ್ತು."

ಅವಳು ನಗುತ್ತ ಒಳಗೆ ಹೋದಳು. ಸಾಹೇಬರು ಅಂಗಳಕ್ಕಿಳಿದರು. ನಾವೂ ಇಳಿದೆವು.

"ಹುಡುಗಿ ಹತ್ರ ಸುಳ್ಳು ಹೇಳ್ದೆ, ಖುದಾ ಮಾಫ್ ಮಾಡ್ಲಿ. ನಿಮ್ಮ ಹತ್ರ ಹೇಳೂಕಾಗೂದಿಲ್ಲ. ಆರು ಸಾವಿರ. ಬೇರೆಯವ್ರು ಇಷ್ಟೂ ಕೊಡೂದಿಲ್ಲ."

"ಅವತ್ತು ಹದಿನೈದು ಅಂದ್ರಿ!" ನನ್ನ ದನಿ ಬೀದಿಗೆ ಕೇಳುವಷ್ಟು ಏರಿತು. "ಅದೇ ಪಿಸ್ತೂಲು, ಅದೇ ನಳಿಗೆ. ಒಂದು ಜೀವದ ಪ್ರಶ್ನೆ ಸಾಹೇಬ್ರೆ."

"ಅವತ್ತು ಇದ್ದ ಮಾಲು ಇವತ್ತಿಲ್ಲ. ಎಂತ ಮಾಡೂದು?" ಅವರ ಮುಖ ಬಾಡಿತ್ತು. "ನನ್ನ ಅಂಗಡಿಯೂ ಈಗ ಮೊದಲಿನ ಹಾಗಿಲ್ಲ. ಇದ್ರೆ ಹಾಗೇ ಕೊಡ್ತಿದ್ದೆ."

ಬೇಡಲಿ, ಅಳಲಿ, ಏನಾದರೂ ಮಾಡಲಿ ಎಂದು ಅಣ್ಣನ ಕಡೆ ನೋಡಿದೆ. ಅಣ್ಣ, "ನೀವು ಹೇಳಿದ್ದು ನ್ಯಾಯವೇ" ಎಂದ. ಇಬ್ಬರ ಮೇಲೂ ನನಗೆ ಕೈಲಾಗದ ಸಿಟ್ಟು ಬಂತು.

ಆರು ಸಾವಿರಕ್ಕೆ ಆಪರೇಶನ್ ಆಗುವುದಿಲ್ಲ. ಮುಂಬಯಿಗೆ ಹೋಗಿ ಆಸ್ಪತ್ರೆಯ ಬಾಗಿಲು ನೋಡಿಕೊಂಡು ಬರಬಹುದು. ಹಣ ಎಣಿಸಿ ಕೊಟ್ಟು, ಪಿಸ್ತೂಲು ತೆಗೆದುಕೊಂಡು ಸಾಹೇಬರು ಕಾರಿನಲ್ಲಿ ಹೋದ ಮೇಲೂ ನಾವು ಅಂಗಳದಲ್ಲೇ ನಿಂತಿದ್ದೆವು. ಇನ್ನು ಕೇಳಲು ಯಾರ ಮನೆ ಉಳಿದಿದೆ ಎಂದು ನಾನು ಯೋಚಿಸುತ್ತಿದ್ದೆ. ಯಾವುದೂ ಉಳಿದಿರಲಿಲ್ಲ.

ಹಿತ್ತಲಿನಿಂದ ತಿಕ್ಕುವ ಸದ್ದು ಬಂತು. ಇಬ್ಬರೂ ಹೋಗಿ ನೋಡಿದರೆ ಮಹಾಲಕ್ಷ್ಮಿ ಬಾವಿಕಟ್ಟೆಯ ಹತ್ತಿರ ಕೂತಿದ್ದಳು. ಅಣ್ಣ ಕಾಡಿಗೆ ಒಯ್ಯುತ್ತಿದ್ದ ಹಳೇ ಹಿತ್ತಾಳೆ ದುರ್ಬೀನು ಅವಳ ಮಡಿಲಲ್ಲಿತ್ತು. ಬದಿಯಲ್ಲಿ ಬುಟ್ಟಿ ತುಂಬ ಬಿಂಬಲಕಾಯಿ.

"ಇದನ್ನೂ ಕೊಡಲಕ್ಕು ಅಪ್ಪಯ್ಯಾ" ಎಂದಳು. ನಡುವೆ ಎರಡು ಸಲ ಉಸಿರಿಗಾಗಿ ನಿಂತಳು. "ಆನು ತಿಕ್ಕಿದ್ರೆ... ಬೆಲೆ ಏರ್ತು ಹೇಳಿ... ಸಾಹೇಬ್ರೇ ಹೇಳಿದ್ದಲ್ದಾ?"

"ಸಾಕು ಕೂಸೆ. ಸುಸ್ತಾಗ್ತು" ಎಂದ ಅಣ್ಣ.

"ಇಲ್ಲೆ. ಇನ್ನೊಂಚೂರು."

ನಿಜ ಹೇಳಿದರೆ ಅವಳ ಕೈ ಆ ಕ್ಷಣಕ್ಕೇ ನಿಲ್ಲುತ್ತಿತ್ತು. ಅಣ್ಣ ಪಂಚೆ ಎತ್ತಿ ಕಟ್ಟಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ದುರ್ಬೀನನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಒಂದು ಬಿಂಬಲಕಾಯಿ ಜಜ್ಜಿದ.

"ನೀನು ಹೇಳಿಕೊಡು" ಎಂದ. "ಆನು ತಿಕ್ತೆ."